ಆವತಿನಾಡಿನ ಗೌಡರೂ ನಮ್ಮ ಮನೆಗಳ ವಂಶಾವಳಿಯೂ

ಭಕ್ತರ ಮನೆಗಳಲ್ಲಿ ಮದುವೆಯ ಮಾತು ಬಂದಾಗ, ನಿಮ್ಮ ಮೂಲಸ್ಥಾನ ಯಾವುದು, ನಿಮ್ಮ ಹಿರಿಯರು ಯಾವ ಮಠದ ಶಿಷ್ಯರು ಎಂಬ ಪ್ರಶ್ನೆ ಏಳುವುದು ರೂಢಿ. ಅಜ್ಜನ ತಂದೆಯವರೆಗೆ ಉತ್ತರ ಸಲೀಸಾಗಿ ಬರುತ್ತದೆ. ಅದರಾಚೆಗೆ ಕಥೆ ಆರಂಭವಾಗುತ್ತದೆ. ಅಂತಹ ಕಥೆಯನ್ನು ತಳ್ಳಿಹಾಕದೆಯೂ ಕಣ್ಣುಮುಚ್ಚಿ ನಂಬದೆಯೂ ಅರಿಯಬೇಕೆಂಬುದಕ್ಕೆ ನಮ್ಮ ಸೀಮೆಯದೇ ನಿದರ್ಶನವೊಂದಿದೆ.

ನಂದಿಬೆಟ್ಟದ ಮೂಡಲಿಗಿರುವ ಬೆಟ್ಟದ ಅಡಿಯಲ್ಲಿ ಒಂದು ಕಾಲಕ್ಕೆ ಬಂಡಿಗಳೊಡನೆ ವಲಸೆ ಬಂದ ಒಕ್ಕಲು ಮಕ್ಕಳ ತಂಡವೊಂದು ಬೀಡುಬಿಟ್ಟಿತು. ಅವರು ಮೊರಸು ಒಕ್ಕಲಿಗರು, ಮುಖಂಡ ರಣಭೈರೇಗೌಡ. ಕಂಚಿಯ ಸೀಮೆಯಲ್ಲಿ ಪ್ರಬಲನಾದ ನಾಯಕನೊಬ್ಬನು ಇವರ ಮಗಳು ದೊಡ್ಡಮ್ಮನನ್ನು ಬಲವಂತವಾಗಿ ವರಿಸಲೆಳಸಿದನೆಂದೂ, ಕುಲದ ಮಾನವನ್ನು ಉಳಿಸಿಕೊಳ್ಳಲು ಇವರು ರಾತ್ರೋರಾತ್ರಿ ಹೊರಟರೆಂದೂ, ತುಂಬಿ ಹರಿಯುತ್ತಿದ್ದ ಪಾಲಾರ್ ನದಿಯು ಇವರಿಗೆ ದಾರಿ ಬಿಟ್ಟಿತೆಂದೂ ಐತಿಹ್ಯ ಹೇಳುತ್ತದೆ. ಆವತಿಯಲ್ಲಿ ನೆಲೆನಿಂತ ಈ ಬಳಗದವರೇ ಮುಂದೆ ಕಾಡು ಕಡಿದು, ಊರು ಕಟ್ಟಿ ನಾಡಪ್ರಭುಗಳಾದರು. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಸ್ಥಾಪನೆ ಮಲ್ಲಭೈರೇಗೌಡನ ಹೆಸರಿನೊಡನೆ ಸೇರಿದೆ. ಜಂಗಮಕೋಟೆಯ ಸಮೀಪದ ಸುಗಟೂರಿನ ಪ್ರಭುಗಳೂ, ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ಯಲಹಂಕ ಮನೆತನವೂ ಇದೇ ಮೂಲದವೆಂಬುದು ಪರಂಪರೆ.

ಇದರಲ್ಲಿ ಚರಿತ್ರೆ ಎಷ್ಟು, ಕಥೆ ಎಷ್ಟು? ನದಿ ದಾರಿ ಬಿಟ್ಟುದಕ್ಕೆ ಶಾಸನವಿಲ್ಲ. ಆದರೆ ಆವತಿನಾಡ ಪ್ರಭುಗಳೆಂದು ತಮ್ಮನ್ನು ಕರೆದುಕೊಂಡ ಗೌಡರ ದತ್ತಿಗಳನ್ನು ಕಲ್ಲುಗಳು ಹೇಳುತ್ತವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿವೆ, 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳ ಶಾಸನಗಳೂ ಅದರಲ್ಲೇ ಸೇರಿವೆ. ದಾನ ಕೊಟ್ಟವನು ತನ್ನ ಹೆಸರಿನೊಡನೆ ತಂದೆಯ, ಕೆಲವೆಡೆ ಅಜ್ಜನ ಹೆಸರನ್ನೂ ಬರೆಸುತ್ತಿದ್ದನು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ದೊರಕುತ್ತದೆ. ಜೊತೆಗಿರುವ ಸಂವತ್ಸರದ ಹೆಸರು 60 ವರ್ಷಗಳ ಚಕ್ರದಲ್ಲಿ ಅದಕ್ಕೆ ಹೊಂದುವುದೇ ಎಂದು ನೋಡಿ ನಿಶ್ಚಯಿಸಬಹುದು. ಹೀಗೆ ಕಥೆಯು ಬಿಟ್ಟ ತಲೆಮಾರನ್ನು ಕಲ್ಲು ತುಂಬಿಕೊಡುತ್ತದೆ. ಕಲ್ಲು ಹೇಳದ ವಲಸೆಯ ನೋವನ್ನು ಕಥೆ ಉಳಿಸಿಕೊಡುತ್ತದೆ.

ನಮ್ಮ ಮನೆಗಳಿಗೂ ಇದೇ ಮಾರ್ಗ. ಮೊದಲು ಹಿರಿಯರ ಬಾಯಿಮಾತನ್ನು, ಅದರಲ್ಲೂ ತವರಿನ ಸುದ್ದಿ ಬಲ್ಲ ಅಜ್ಜಿಯರ ಮಾತನ್ನು ಬರೆದಿಟ್ಟುಕೊಳ್ಳಿರಿ. ಹೆಳವರು ಬರುವ ಊರುಗಳಲ್ಲಿ ಅವರು ಹೊಗಳುವ ವಂಶಾವಳಿಯನ್ನು ಕೇಳಿರಿ. ಬಳಿಕ ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ವಿಭಾಗಪತ್ರಗಳನ್ನೂ, ತಾಲ್ಲೂಕು ಕಚೇರಿಯ ಹಳೆಯ ಖಾತೆ ಪಹಣಿಗಳನ್ನೂ ನೋಡಿರಿ. ಗಡಿಸೀಮೆಯಾದ ಕಾರಣ ತೆಲುಗಿನ ಬರಹವೂ ಎದುರಾದೀತು. ಎರಡು ಕಡೆ ಹೊಂದಿದುದನ್ನು ಮಾತ್ರ ಶಾಯಿಯಲ್ಲಿ ಬರೆಯಿರಿ; ಒಂದೇ ಕಡೆ ಕೇಳಿದುದನ್ನು ‘ಹಿರಿಯರ ಮಾತು’ ಎಂದು ಬೇರೆಯಾಗಿ ಗುರುತಿಸಿರಿ. ಅರಸುಮನೆತನವೊಂದನ್ನು ಸುಮ್ಮನೆ ತಂದು ತಲೆಗೆ ಕಟ್ಟಿಕೊಳ್ಳಬೇಡಿರಿ.

ಕುಲವನ್ನು ಹುಟ್ಟಿನಿಂದ ಅಳೆಯಬಾರದೆಂದು ಸಾರಿದ ಶರಣರ ಮಕ್ಕಳು ವಂಶಾವಳಿ ಬರೆಯುವುದೇಕೆ ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ಯುಕ್ತವಾದುದೇ. ಮೇಲುಕೀಳಿನ ಅಭಿಮಾನಕ್ಕಾಗಿ ಬರೆದರೆ ಅದು ಭವಿಯ ಲಕ್ಷಣ. ನಮಗೆ ಮೊದಲು ಕೆರೆ ತೋಡಿದವರು, ದಾಸೋಹ ನಡೆಸಿದವರು ಯಾರೆಂದು ತಿಳಿದು ಆ ಕಾಯಕದ ಋಣವನ್ನು ನೆನೆಯಲು ಬರೆದರೆ ಅದು ಅರಿವು.

ಕೊನೆಯದಾಗಿ ಒಂದು ಮಾತು. ನಾವು ಬರೆಯುವ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರು ಕಾಣುವುದು ಅಪರೂಪ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿಯ ಕಾನೂನು ಸ್ಪಷ್ಟಪಡಿಸಿದ ಮೇಲೂ, ಪಾಲಿನ ವೇಳೆಗೆ ಹೆಸರು ಬಿಟ್ಟು ಪಟ್ಟಿ ಬರೆಸಿ ಒಡಹುಟ್ಟಿದವರನ್ನು ನ್ಯಾಯಾಲಯಕ್ಕೆ ಅಲೆಸುವವರಿದ್ದಾರೆ. ಆವತಿಯ ಗೌಡರು ಊರು ಬಿಟ್ಟುದು ಒಬ್ಬ ಮಗಳಿಗಾಗಿ. ಆಕೆಯ ಹೆಸರನ್ನು ಅವರ ಕಥೆ ಮರೆತಿಲ್ಲ. ಸ್ತ್ರೀಗೂ ಇಷ್ಟಲಿಂಗ ಕೊಟ್ಟ ಧರ್ಮದ ಮನೆಗಳಲ್ಲಿ ಮಗಳ ಹೆಸರಿಲ್ಲದ ವಂಶವೃಕ್ಷ ಹೇಗೆ ಪೂರ್ಣವಾದೀತು? ಮಕ್ಕಳನ್ನು ಕೂಡಿಸಿಕೊಂಡು ಬರೆಯತೊಡಗಿರಿ. ಅಜ್ಜಿಯ ಹೆಸರಿನಿಂದಲೇ ಆರಂಭವಾಗಲಿ.