102 ರನ್ ಕೊಟ್ಟವರ 504 ವಿಕೆಟ್

ವಿನಯ್ ಕುಮಾರ್ ಅಂದ ತಕ್ಷಣ ನಮ್ಮ ಕಡೆ ಹುಡುಗರ ಬಾಯಲ್ಲಿ ಬರುವುದು ಒಂದೇ ಸಂಖ್ಯೆ, 102.

2013ರ ನವೆಂಬರ್ 2. ದೀಪಾವಳಿ ಹೊತ್ತು. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಏಕದಿನ ಪಂದ್ಯ. ವಿನಯ್ 9 ಓವರ್ ಹಾಕಿ 102 ರನ್ ಕೊಟ್ಟರು, ಸಿಕ್ಕಿದ್ದು ಒಂದು ವಿಕೆಟ್. ಅದೂ ತಮ್ಮದೇ ರಾಜ್ಯದ ಜನರ ಎದುರಿಗೆ.

ಅವತ್ತು ಪಂದ್ಯ ಗೆದ್ದವರು ಯಾರು ಅಂತ ಕೇಳಿ ನೋಡಿ, ಅರ್ಧ ಜನ ತಡವರಿಸುತ್ತಾರೆ. ಭಾರತ 57 ರನ್‌ಗಳಿಂದ ಗೆದ್ದಿತು, ಸರಣಿಯೂ ನಮ್ಮದಾಯಿತು. ರೋಹಿತ್ ಶರ್ಮಾ 209 ಹೊಡೆದಿದ್ದು ಅದೇ ದಿನ. ಎರಡೂ ತಂಡ ಸೇರಿ 709 ರನ್, 38 ಸಿಕ್ಸರ್. ಮೈದಾನ ಚಿಕ್ಕದು, ವೃತ್ತದ ಹೊರಗೆ ನಾಲ್ಕೇ ಜನ ಫೀಲ್ಡರ್ ನಿಲ್ಲಿಸಬೇಕೆಂಬ ನಿಯಮ ಬೇರೆ. ಹೊಡೆತ ತಿಂದವರು ಹಲವರು, ಹೆಸರು ಉಳಿದಿದ್ದು ಒಬ್ಬರದೇ.

ಕಳ್ಳಂಬೆಳ್ಳದ ಹೆದ್ದಾರಿ ಹಿಡಿದು ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿದರೆ ದಾವಣಗೆರೆ. ವಿನಯ್ ಅಲ್ಲಿನ ಆಟೋ ಚಾಲಕರೊಬ್ಬರ ಮಗ. ಬೆಂಗಳೂರಿನ ಕ್ಲಬ್‌ಗಳಲ್ಲಿ ಬೆಳೆದ ಹುಡುಗರ ನಡುವೆ ಜಾಗ ಮಾಡಿಕೊಂಡು ಕರ್ನಾಟಕದ ನಾಯಕರಾದರು. ಆ 102 ಆಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿಯಲ್ಲಿ, ರಣಜಿ ಟ್ರೋಫಿ ಎತ್ತಿದರು. ಕರ್ನಾಟಕ ಅದಕ್ಕೆ 15 ವರ್ಷ ಕಾದಿತ್ತು. ಮರುವರ್ಷದ ಫೈನಲ್‌ನಲ್ಲಿ ತಮಿಳುನಾಡನ್ನು 134ಕ್ಕೆ ಮಡಚಿದಾಗ ಐದು ವಿಕೆಟ್ ಇವರದೇ, ಆಮೇಲೆ ಬ್ಯಾಟ್ ಹಿಡಿದು ಶತಕವನ್ನೂ ಹೊಡೆದರು. 2021ರಲ್ಲಿ ಆಟ ಬಿಟ್ಟಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಇದ್ದವು. ಇದನ್ನು ಯಾರೂ ವಾಟ್ಸಾಪ್‌ನಲ್ಲಿ ಹಾಕಲಿಲ್ಲ.

ಅವರ ಬೌಲಿಂಗ್‌ಗೆ ಅಂತಾರಾಷ್ಟ್ರೀಯ ಮಟ್ಟದ ವೇಗ ಸಾಲದು ಅನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಸ್ಟುವರ್ಟ್ ಬ್ರಾಡ್‌ರನ್ನು ನೆನಪಿಸಿಕೊಳ್ಳಿ. 2007ರಲ್ಲಿ ಡರ್ಬನ್‌ನಲ್ಲಿ ಯುವರಾಜ್ ಸಿಂಗ್ ಒಂದೇ ಓವರ್‌ನಲ್ಲಿ ಆರು ಸಿಕ್ಸರ್ ಬಾರಿಸಿದಾಗ ಆ ಹುಡುಗನಿಗೆ 21 ವರ್ಷ. ಇಂಗ್ಲೆಂಡ್ ಅವರನ್ನು ಕೈಬಿಡಲಿಲ್ಲ. ಕೊನೆಗೆ ಟೆಸ್ಟ್‌ನಲ್ಲೇ 604 ವಿಕೆಟ್ ತೆಗೆದರು, ಆರು ಸಿಕ್ಸರ್ ಹಳೇ ಕಥೆಯಾಯಿತು. ವಿನಯ್‌ಗೆ ಆ ನವೆಂಬರ್ ಪಂದ್ಯವೇ ಕೊನೆಯ ಏಕದಿನ ಪಂದ್ಯ. ಟೆಸ್ಟ್ ಅಂತೂ ಸಿಕ್ಕಿದ್ದೇ ಒಂದು, 2012ರಲ್ಲಿ ಪರ್ತ್‌ನಲ್ಲಿ. ಕೆಟ್ಟ ದಿನ ಇಬ್ಬರಿಗೂ ಬಂತು. ಅದನ್ನು ಅಳಿಸಿ ಹಾಕುವ ಮುಂದಿನ ಪಂದ್ಯ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ.

ದೇಶದ ತಂಡದ ಆಯ್ಕೆ ನಮ್ಮ ಕೈಯಲ್ಲಿಲ್ಲ, ಬಿಡಿ. ಊರ ಟೂರ್ನಮೆಂಟ್ ನಮ್ಮ ಕೈಯಲ್ಲೇ ಇದೆಯಲ್ಲ. ಟೆನಿಸ್ ಬಾಲ್ ಪಂದ್ಯ, ಬಹುಮಾನಕ್ಕೆ ಟಗರು. ಕೊನೆಯ ಓವರ್‌ನಲ್ಲಿ ಪಿಯುಸಿ ಓದುವ ಹುಡುಗ ಮೂರು ಸಿಕ್ಸರ್ ಹೊಡೆಸಿಕೊಂಡರೆ ಮುಗಿಯಿತು. ಮೈಕ್ ಹಿಡಿದವನು ಅವನಿಗೊಂದು ಅಡ್ಡಹೆಸರು ಇಡುತ್ತಾನೆ, ಸಂಜೆಯೊಳಗೆ ಆ ವಿಡಿಯೋ ಮಧುಗಿರಿ, ಪಾವಗಡದವರೆಗೆ ಹೋಗಿರುತ್ತದೆ. ಹುಡುಗ ಮರುವಾರ ಮೈದಾನದ ಕಡೆ ತಲೆ ಹಾಕುವುದಿಲ್ಲ. ಆ ಓವರ್ ಅವನ ಕೈಗೆ ಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ.

ಟೂರ್ನಮೆಂಟ್ ನಡೆಸುವ ಅಣ್ಣಂದಿರೇ, ಮೈಕ್‌ನಲ್ಲಿ ಅಡ್ಡಹೆಸರು ಕೂಗುವುದನ್ನು ಮೊದಲು ನಿಲ್ಲಿಸಿ. ನಾಯಕರಾದವರು ಅವನ ಮನೆ ಹತ್ತಿರ ಹೋಗಿ ಕರೆದುಕೊಂಡು ಬನ್ನಿ. ಮುಂದಿನ ಭಾನುವಾರ ಮೊದಲ ಓವರ್ ಅವನಿಗೇ ಕೊಡಿ.