ಘಟ್ಟದ ಕಾಡು ಬಯಲಿನವರಿಗೂ ಬೇಕು



ಕರ್ನಾಟಕದಲ್ಲಿ ಪಶ್ಚಿಮಘಟ್ಟದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಲು ಕೇಂದ್ರ ಸರ್ಕಾರ 2024ರ ಜುಲೈ 31ರಂದು ಮತ್ತೆ ಕರಡು ಅಧಿಸೂಚನೆ ಹೊರಡಿಸಿತು. ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನವದು. ಆದರೂ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಆಂಧ್ರದ ಅನಂತಪುರ ಜಿಲ್ಲೆಯ ಕನ್ನಡಿಗರಾದ ನಮಗೂ ಇದು ಸಂಬಂಧಿಸಿದ ವಿಷಯ. ನಮ್ಮ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯಕ್ಕೆ ನೀರು ತರುವ ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಮೇಲ್ಮಟ್ಟದ ಕಾಲುವೆಯಲ್ಲಿ ಜಿಲ್ಲೆಗೆ ಬರುವ ತುಂಗಭದ್ರೆಯ ನೀರೂ ಘಟ್ಟದ್ದೇ. ಅಲ್ಲಿ ಕಾಡು ಬರಿದಾದರೆ ಇಲ್ಲಿ ಶೇಂಗಾ ಬೆಳೆಯುವವನ ಬಾಯಿಗೆ ಮಣ್ಣು.

ಮಲೆನಾಡಿನ ರೈತರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕರಡು ನಿಷೇಧಿಸುವುದು ಗಣಿ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೈಗಾರಿಕೆಗಳನ್ನು, ಬೇಸಾಯವನ್ನಲ್ಲ. ಇದನ್ನು ಊರೂರಿಗೆ ತಿಳಿಸಬೇಕಾದ ಸರ್ಕಾರವೇ ಭಯಕ್ಕೆ ದನಿಗೂಡಿಸುವುದು ಸರಿಯಲ್ಲ.

ಕರಡನ್ನು ಗ್ರಾಮಸಭೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಲಿ, ಜನರ ತಿದ್ದುಪಡಿಗಳನ್ನು ಕೇಂದ್ರಕ್ಕೆ ಕಳಿಸಲಿ. ಸಾರಾಸಗಟು ನಿರಾಕರಣೆಯನ್ನು ಕರ್ನಾಟಕ ಕೈಬಿಡಬೇಕೆಂದು ನನ್ನ ಕಳಕಳಿಯ ವಿನಂತಿ.

– ಒಬ್ಬ ರೈತ, ಕುಂದುರ್ಪಿ, ಅನಂತಪುರ ಜಿಲ್ಲೆ