ತಲೆ ಎಣಿಸುವವರು ಬೆಲೆಯನ್ನೂ ಎಣಿಸಲಿ



ಪಟ್ಟಣದ ಪಂಡಿತರು ನಮ್ಮ ಮೇಲೆ ಹೊರಿಸುವ ಆರೋಪ ಒಂದೇ: ರೈತನ ದುಡಿಮೆಯಲ್ಲಿ ಉತ್ಪಾದಕತೆ ಇಲ್ಲ. ಅವರ ಲೆಕ್ಕ ಹೀಗಿದೆ. 2023-24ರ ಸರ್ಕಾರಿ ಅಂಕಿಗಳಂತೆ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 46 ಜನ ಒಕ್ಕಲುತನದಲ್ಲಿದ್ದಾರೆ. ದೇಶದ ಉತ್ಪನ್ನದ ನೂರು ರೂಪಾಯಿಯಲ್ಲಿ ಒಕ್ಕಲುತನದ ಪಾಲು ಸುಮಾರು 18 ರೂಪಾಯಿ. ಭಾಗಿಸಿದರೆ ನಮ್ಮ ತಲೆಗೆ 40 ಪೈಸೆಯೂ ಬರುವುದಿಲ್ಲ. ಉಳಿದವರ ತಲೆಗೆ ಒಂದೂವರೆ ರೂಪಾಯಿ ಬರುತ್ತದೆ. ಅಂದರೆ ನಾಲ್ಕು ಮಂದಿ ರೈತರು ಒಬ್ಬ ಪಟ್ಟಣದವನಿಗೆ ಸಮ!

ಭಾಗಾಕಾರ ತಪ್ಪಿಲ್ಲ. ಆದರೆ ಮೇಲೇನು ಇಟ್ಟರು, ಕೆಳಗೇನು ಇಟ್ಟರು ಅಂತ ನಾವು ಕೇಳಬೇಕೋ ಬೇಡವೋ?

ಮೇಲೆ ಇಟ್ಟದ್ದು ಕ್ವಿಂಟಲ್ ಅಲ್ಲ, ರೂಪಾಯಿ. ಮಾಲಿನ ಬೆಲೆಯಲ್ಲಿ ಬೀಜ, ಗೊಬ್ಬರ, ಔಷಧ, ಡೀಸೆಲ್ ಖರ್ಚು ಕಳೆದು ಉಳಿದದ್ದೇ ಅವರ 'ಉತ್ಪನ್ನ'. ನಮ್ಮ ಎರೆಭೂಮಿಯ ಹೆಸರನ್ನೇ ತಗೊಳ್ರಿ. ಒಂದು ಮನೆಯ ನಾಲ್ಕು ಜನ 20 ಕ್ವಿಂಟಲ್ ಹೆಸರು ಬೆಳೆದರು, 60,000 ರೂಪಾಯಿ ಖರ್ಚಾಯಿತು ಅಂತಿಟ್ಟುಕೊಳ್ಳೋಣ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಆ ಬೆಲೆ ಸಿಕ್ಕರೆ ಖರ್ಚು ಕಳೆದು ತಲೆಗೆ 28,840 ರೂಪಾಯಿ ಉಳಿಯುತ್ತದೆ. ಅದೇ ಮಾಲು 6,500ಕ್ಕೆ ಹೋದರೆ ತಲೆಗೆ 17,500 ಮಾತ್ರ. ಕಾಳು ಅಷ್ಟೇ ಐತಿ, ಬೆವರೂ ಅಷ್ಟೇ ಐತಿ; 'ಉತ್ಪಾದಕತೆ' ಮಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯಿತು! ಅಂಗಡಿಯಲ್ಲಿ ಬೇಳೆಯ ದರ ಇಳಿಯದಿದ್ದರೆ ನಾವು ಕಳಕೊಂಡ 45,360 ರೂಪಾಯಿ ಎಲ್ಲಿ ಹೋಯಿತು? ವ್ಯಾಪಾರ ಮತ್ತು ಕೈಗಾರಿಕೆಯ ಖಾತೆಗೆ. ಅಲ್ಲಿ ಅದು ಅವರ 'ಜಾಣತನದ ಉತ್ಪಾದಕತೆ' ಆಗುತ್ತದೆ.

ಬೆಲೆಯ ಏರಿಳಿತ ತೆಗೆದು ಸ್ಥಿರ ಬೆಲೆಯಲ್ಲಿ ಲೆಕ್ಕ ಹಾಕುತ್ತೇವೆ ಅಂತ ಅವರು ವಾದಿಸಬಹುದು. ಸ್ಥಿರ ಬೆಲೆ ಅಂದರೂ ಒಂದು ವರ್ಷದ ಪೇಟೆಯ ಬೆಲೆಯೇ ತಾನೆ? ಮೊದಲೇ ತುಳಿದಿಟ್ಟ ಬೆಲೆಯನ್ನು ಅಳತೆಗೋಲು ಮಾಡಿಕೊಂಡರೆ ಅಳತೆ ಗಿಡ್ಡವಾಗದೆ ಇನ್ನೇನಾದೀತು?

ಇನ್ನು ಕೆಳಗಿಟ್ಟದ್ದು ತಲೆ. ವರ್ಷದಲ್ಲಿ 30 ದಿನ ಕೆಲಸಕ್ಕೆ ಕೈಹಚ್ಚಿದವರನ್ನೂ ಸರ್ಕಾರದ ಸಮೀಕ್ಷೆ ದುಡಿಯುವವರೆಂದೇ ಬರೆದುಕೊಳ್ಳುತ್ತದೆ. ಒಣಬೇಸಾಯದಲ್ಲಿ ವರ್ಷಪೂರ್ತಿ ಕೆಲಸ ಎಲ್ಲೈತಿ? ಕಸ ತೆಗೆಯಲು, ಕಾಯಿ ಬಿಡಿಸಲು ಬಂದ ಹೆಣ್ಣುಮಗಳೂ ಒಂದು ತಲೆ, ಫ್ಯಾಕ್ಟರಿಯಲ್ಲಿ ವರ್ಷವಿಡೀ ಪಗಾರ ಎಣಿಸುವವನೂ ಒಂದು ತಲೆ. 2014ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಅನೇಕ ಬಡ ದೇಶಗಳ ಅಂಕಿಗಳನ್ನು ಪರೀಕ್ಷಿಸಿದರು. ದುಡಿದ ತಾಸು ಮತ್ತು ವಿದ್ಯೆಯನ್ನು ಲೆಕ್ಕಕ್ಕೆ ಹಿಡಿದಾಗ ರೈತನಿಗೂ ಉಳಿದವರಿಗೂ ಇರುವ ಅಂತರ ಬಹಳ ಕಡಿಮೆಯಾಯಿತು. ಅಂತರ ಪೂರ್ತಿ ಹೋಗಲಿಲ್ಲ, ನಿಜ. ನಮ್ಮ ಇಳುವರಿಯೂ ಹೆಚ್ಚಬೇಕು, ಅದೂ ನಿಜ. ಆದರೆ ಬೆಲೆಯ ರೋಗಕ್ಕೆ ಇಳುವರಿಯ ಔಷಧ ಕುಡಿಸಿದರೆ ರೋಗಿ ಬದುಕುವುದಿಲ್ಲ. ಇಳುವರಿ ಹೆಚ್ಚಿದ ವರ್ಷವೇ ಉಳ್ಳಾಗಡ್ಡಿ ಬೆಳೆದವನ ಸಾಲ ಹೆಚ್ಚುವುದನ್ನು ನಾವು ಕಂಡಿಲ್ಲವೇ?

ಈ ಲೆಕ್ಕ ಬರೀ ಪುಸ್ತಕದಲ್ಲಿ ಉಳಿಯುವುದಿಲ್ಲ. ಮಲಪ್ರಭಾ ನೀರಿನಿಂದ ಭೂಮಿಯ ಬೆಲೆ ಏರಿತೆಂದು ಕಾಗದದ ಮೇಲೆ ಲೆಕ್ಕ ಹಾಕಿಯೇ ಸುಧಾರಣಾ ಕರ ಹೇರಿದರು. ಅದರ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನವಲಗುಂದ-ನರಗುಂದದಲ್ಲಿ ಗುಂಡು ಹಾರಿತು. ಅಂದು ನಮ್ಮ ಉತ್ಪನ್ನ ಹೆಚ್ಚೆಂದು ಹೇಳಿ ಕರ ಕೇಳಿದರು. ಇಂದು ನಮ್ಮ ಉತ್ಪನ್ನ ಕಡಿಮೆಯೆಂದು ಹೇಳಿ ಭೂಮಿ ಬಿಡಿ ಅನ್ನುತ್ತಾರೆ. ಎರಡು ಸಲವೂ ಅಳತೆಗೋಲು ಅವರ ಕೈಯಲ್ಲೇ!

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ರೈತನ ದುಡಿಮೆಯನ್ನು ತಲೆಯಿಂದಲ್ಲ, ದಿನದಿಂದ ಅಳೆಯಿರಿ. ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಸೇರಿಸಿದ ಪೂರ್ಣ ಖರ್ಚಿನ ಮೇಲೆ ಅರ್ಧಪಟ್ಟು ಕೂಡಿಸಿ ಬೆಂಬಲ ಬೆಲೆ ಕೊಡಿ. 2018ರಿಂದ ಕೊಡುತ್ತಿರುವ ಒಂದೂವರೆ ಪಟ್ಟಿನಲ್ಲಿ ಇವೆರಡೂ ಇಲ್ಲ. ಖರೀದಿ ಕೇಂದ್ರವನ್ನು ರಾಶಿಯ ಹೊತ್ತಿಗೆ ತೆರೆಯಿರಿ, ಮಾಲು ಪೇಟೆಗೆ ಹೋದ ಮೇಲೆ ಅಲ್ಲ.

ಬಾಂಧವರೇ, ಪ್ರತಿ ಮನೆಯಲ್ಲೂ ಒಂದು ವಹಿ ಇಡಿರಿ. ಯಾರು ಎಷ್ಟು ದಿನ ದುಡಿದರು, ಎಷ್ಟು ಖರ್ಚಾಯಿತು, ಯಾವ ಬೆಲೆಗೆ ಮಾಲು ಹೋಯಿತು, ಎಲ್ಲ ಬರೆಯಿರಿ. ಮುಂದಿನ ಸಲ ಅಧಿಕಾರಿ ಊರಿಗೆ ಬಂದು ಉತ್ಪಾದಕತೆಯ ಪಾಠ ಹೇಳಿದಾಗ ಆ ವಹಿಯನ್ನು ಅವರ ಮುಂದಿಟ್ಟು ಉತ್ತರ ಕೇಳೋಣ.